ನಮ್ಮ ಕಾರಿಗೆ ಬಿಳಿ ದೀಪ

ಫೋರ್ಟ್ ಮಿಲ್‌ನ ನಮ್ಮ ಬೀದಿಯಲ್ಲಿ ಬೂದು ಬಣ್ಣದ ಕಾರುಗಳೇ ಹೆಚ್ಚು. ಸಂಜೆ ಅವು ಪಕ್ಕದ ಷಾರ್ಲಟ್ ನಗರದಿಂದ ಒಂದರ ಹಿಂದೊಂದು ಬಂದು ನಮ್ಮ ತಿರುವಿನಲ್ಲಿ ಹೊರಳುತ್ತಿದ್ದವು. ಪ್ರತಿಯೊಂದರ ಮೂತಿಯಲ್ಲೂ ಎರಡು ಹಳದಿ ದೀಪ. ಕಾರು ಓಡುತ್ತಿರುವಾಗ ಹಗಲಲ್ಲೂ ತಾವಾಗಿಯೇ ಉರಿಯುವ ಸಣ್ಣ ದೀಪಗಳು. ಮಹಡಿಯ ಕಿಟಕಿಯಲ್ಲಿ ನಿಂತ ನನಗೆ ಬಂದ ಕಾರೆಲ್ಲ ನಮ್ಮದೇ ಅನ್ನಿಸುತ್ತಿತ್ತು. ಅದು ನಮ್ಮ ಮನೆ ದಾಟಿ ಹೋದಾಗ ಸಿಟ್ಟು ಬರುತ್ತಿತ್ತು.

ನಮ್ಮದೂ ಅಂಥದ್ದೇ ಬೂದು ಕಾರು. ನಮ್ಮ ಯಜಮಾನರು ಅದರಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋದವರು ಆಫೀಸಿನ ಮೆಟ್ಟಿಲ ಮೇಲೆ ಕುಸಿದರು. ಹೃದಯ ನಿಂತಿತ್ತು. ಕಾರನ್ನು ಮರುದಿನ ಮೈದುನ ತಂದು ನಿಲ್ಲಿಸಿದರು. ಆಮೇಲೆ ಅದನ್ನು ಮಗಳು ಓಡಿಸತೊಡಗಿದಳು. ಅದೇ ಹೈವೇ, ಅದೇ ಷಾರ್ಲಟ್. ಅವಳ ಕಾಲೇಜು ಅಲ್ಲಿತ್ತು. ನಾನು ಇದ್ದತ್‌ನಲ್ಲಿದ್ದೆ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡುವುದಿಲ್ಲ. ಮಾಡಲು ಕೆಲಸವಿಲ್ಲ. ಕಿಟಕಿ ಇತ್ತು.

ಬಿಳಿ ದೀಪ ಹಾಕಿದರೆ ನಮ್ಮ ಕಾರು ದೂರದಿಂದಲೇ ಗೊತ್ತಾಗುತ್ತದೆ ಎಂಬ ಯೋಚನೆ ಬಂದದ್ದು ಹಾಗೆ. ನನಗೆ ಬೇಕಾಗಿದ್ದುದು ಅಷ್ಟೇ: ಮಗಳು ಬಂದಳು ಎಂದು ತಿರುವಿನಲ್ಲೇ ತಿಳಿಯಬೇಕು. ಮೈದುನನಿಗೆ ಫೋನ್ ಮಾಡಿದೆ. ಅವರಿರುವುದು ಮೂರು ತಾಸು ದೂರದ ರಾಲಿಯಲ್ಲಿ.

"ಎಲ್‌ಇಡಿ ಬಲ್ಬಾ? ಅದಕ್ಯಾಕೆ ಈಗ, ಭಾಬಿ? ಬಿಡಿ, ಈ ವೀಕೆಂಡ್ ಬಂದು ನಾನೇ ಹಾಕ್ಕೊಡ್ತೀನಿ."

"ಹೋದ ವಾರನೂ ಬರ್ತೀನಿ ಅಂತ ಹೀಗೇ ಅಂದ್ರಲ್ಲ."

"ಹೋದ ವಾರ ಆನ್ ಕಾಲ್ ಇದ್ದೆ ಭಾಬಿ. ಈ ಸಲ ಪಕ್ಕಾ."

ಆನ್‌ಲೈನ್‌ನಲ್ಲಿ ತರಿಸಿದ ಬಲ್ಬುಗಳು ಬಂದವು, ಶನಿವಾರ ಬಂತು, ಅವರು ಬರಲಿಲ್ಲ. ಗ್ಯಾರೇಜು ಮನೆಯೊಳಗೇ ಲೆಕ್ಕ ತಾನೇ ಎಂದು ಇಳಿದೆ. ಮಗಳು ಗೆಳತಿಯೊಬ್ಬಳ ಮನೆಗೆ ಹೋಗಿದ್ದಳು, ಆ ಗೆಳತಿಯೇ ಬಂದು ಕರೆದುಕೊಂಡು ಹೋಗಿದ್ದಳು.

ಇಂಜಿನ್ ಮೇಲಿನ ಹುಡ್ ಎತ್ತಿದೆ. ಬಲಗಡೆಯ ಬಲ್ಬು ಸುಲಭವಾಗಿ ಸಿಕ್ಕಿತು. ಅದರ ಹೋಲ್ಡರನ್ನು ಸ್ವಲ್ಪ ತಿರುಗಿಸಿದರೆ ಕೈಗೆ ಬರುತ್ತದೆ. ಎಡಗಡೆ ಬ್ಯಾಟರಿ ಅಡ್ಡ. ಅದಕ್ಕೂ ದೀಪಕ್ಕೂ ನಡುವೆ ಇರುವುದು ಒಂದು ಅಂಗೈ ತೂರುವಷ್ಟು ಸಂದಿ. ಬಳೆ ತೆಗೆದಿಟ್ಟ ಕೈ ಅದರೊಳಗೆ ಸಲೀಸಾಗಿ ಹೋಯಿತು. ಹಾಗೆ ಹೋದದ್ದು ನನಗೆ ಹಿಡಿಸಲಿಲ್ಲ.

ಹೊಸ ಬಲ್ಬು ಹಾಕಿ ಕಾರು ಸ್ಟಾರ್ಟ್ ಮಾಡಬೇಕು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಿದರೆ ಹೊಗೆ ಜೀವಕ್ಕೇ ಅಪಾಯ. ದೊಡ್ಡ ಬಾಗಿಲು ತೆರೆಯಬೇಕು. ತೆರೆದರೆ ಬೀದಿಗೆಲ್ಲ ನಾನು ಕಾಣುತ್ತೇನೆ. ದುಪಟ್ಟಾ ತಲೆತುಂಬ ಎಳೆದುಕೊಂಡು ಬಟನ್ ಒತ್ತಿದೆ. ಸ್ಟಾರ್ಟ್ ಮಾಡಿದೆ. ಎದುರಿನ ಗೋಡೆಯ ಮೇಲೆ ಯಾವ ಬೆಳಕೂ ಬೀಳಲಿಲ್ಲ. ಆಫ್ ಮಾಡಿ, ಬಾಗಿಲು ಇಳಿಸಿ, ಎರಡೂ ಬಲ್ಬು ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಬಾಗಿಲು, ಮತ್ತೆ ಇಂಜಿನ್. ಇಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಬಂದು ಫೋನಿನಲ್ಲಿ ಒಂದು ವಿಡಿಯೋ ನೋಡಿದಾಗ ತಿಳಿಯಿತು, ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಈ ದೀಪ ಹೊತ್ತುವುದೇ ಇಲ್ಲ. ಬ್ರೇಕ್ ಬಿಟ್ಟೆ. ಬಲಗಡೆಯದು ಹೊತ್ತಿತು. ಎಡಗಡೆಯದು ಹೊತ್ತಲಿಲ್ಲ.

ಎಲ್‌ಇಡಿಗೆ ಹಿಂದುಮುಂದು ಇದೆಯಂತೆ. ಉಲ್ಟಾ ಕೂತರೆ ಉರಿಯುವುದಿಲ್ಲ. ಆ ಸಂದಿಯಲ್ಲಿ ಇನ್ನೊಮ್ಮೆ ಕೈ ತೂರಿಸಿ, ಬಿಚ್ಚಿ, ತಿರುಗಿಸಿ ಕೂರಿಸುವಾಗ ಬೆರಳ ಗೆಣ್ಣು ತರಚಿತು. ಕೊನೆಗೆ ಎರಡೂ ಹೊತ್ತಿದವು. ಗೋಡೆಗೆ ಒರಗಿಸಿದ್ದ ಅಕ್ಕಿ ಮೂಟೆಗಳ ಮೇಲೆ ಬೆಳ್ಳನೆ ಬೆಳಕು ಬಿತ್ತು. ನೋಡನೋಡುತ್ತಲೇ ಅದು ಪಟಪಟ ಮಿನುಗತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಬಲ್ಬು ಕೆಟ್ಟಿದೆ ಎಂಬ ಸೂಚನೆ ಬಂತು. ಹೊಚ್ಚ ಹೊಸ ಬಲ್ಬು! ಮತ್ತೆ ಮೈದುನನಿಗೆ ಫೋನ್ ಮಾಡಿದೆ.

"ಎಲ್‌ಇಡಿ ಕರೆಂಟ್ ಕಮ್ಮಿ ಎಳೆಯತ್ತೆ ಭಾಬಿ, ಅದಕ್ಕೇ ಕಾರು ಬಲ್ಬ್ ಹೋಗಿದೆ ಅನ್ಕೊಳ್ಳತ್ತೆ. ರೆಸಿಸ್ಟರ್ ಹಾಕ್ಬೇಕು. ಅದು ಕಾಯತ್ತೆ, ಪ್ಲಾಸ್ಟಿಕ್‌ಗೆ ತಾಗ್ಬಾರ್ದು. ನೀವು ವೈರ್ ಮುಟ್ಬೇಡಿ, ಪ್ಲೀಸ್. ವೀಕೆಂಡ್ ಬರ್ತೀನಿ."

"ವೀಕೆಂಡ್ ಇವತ್ತೇ ಅಲ್ವಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಸೋಮವಾರ ಮಗಳು ಅದೇ ಮಿನುಗುವ ದೀಪದಲ್ಲಿ ಕಾಲೇಜಿಗೆ ಹೋದಳು. ಸಂಜೆ ತಿರುವಿನಲ್ಲಿ ಕಾರು ಕಾಣಿಸಿದ ತಕ್ಷಣ ಗೊತ್ತಾಯಿತು. ಸಾಲಿನಲ್ಲಿ ಅದೊಂದೇ ಬೆಳ್ಳಗೆ, ನಡುಗುತ್ತ ಬರುತ್ತಿತ್ತು. ಮೆಟ್ಟಿಲಿಳಿದು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ. ಅವಳು ಒಳಗೆ ಬಂದು ಬ್ಯಾಗು ಎಸೆದಳು.

"ಅಮ್ಮಿ, ನಾಟ್ ಫನ್ನಿ. ಎಲ್ಲರೂ ನಂಗೆ ಲೈಟ್ ಫ್ಲ್ಯಾಶ್ ಮಾಡ್ತಾರೆ. ಒಬ್ಬ ಅಂಕಲ್ ಪೊಲೀಸ್ ಕಾರ್ ಅಂದ್ಕೊಂಡು ಸೈಡ್‌ಗೆ ಹೋದ. ಲಿಟರಲಿ!"

"ಒಳ್ಳೇದಲ್ವಾ, ದಾರಿ ಬಿಡ್ತಾರೆ."

"ಅಮ್ಮಿ! ಐ ವಾಸ್ ಸ್ಕೇರ್ಡ್. ಡ್ಯಾಶ್‌ನಲ್ಲಿ ವಾರ್ನಿಂಗ್ ಬಂತು, ನಾನು ಅದನ್ನೇ ನೋಡ್ತಿದ್ದೆ, ರೋಡ್ ನೋಡಿಲ್ಲ."

ಚಹಾದ ಲೋಟ ಅವಳ ಮುಂದಿಟ್ಟೆ. ಅವಳು ಕುಡಿದು ಮೇಲೆ ಹೋದಳು. ನಾನು ಟಾರ್ಚು ಹಿಡಿದು ಗ್ಯಾರೇಜಿಗೆ ಇಳಿದೆ. ತರಚಿದ ಗೆಣ್ಣನ್ನು ಮತ್ತೆ ಅದೇ ಸಂದಿಗೆ ತೂರಿಸಿ ಬಿಳಿಯವನ್ನು ಬಿಚ್ಚಿ ಹಳದಿಯವನ್ನು ಹಾಕಿದೆ. ಬಾಗಿಲು ತೆರೆದೆ, ಬ್ರೇಕ್ ಬಿಟ್ಟೆ, ಸ್ಟಾರ್ಟ್ ಮಾಡಿದೆ. ಎರಡೂ ಮೊದಲನೇ ಸಲಕ್ಕೇ ಹೊತ್ತಿದವು. ಹುಡ್ಡನ್ನು ಬೇಕೆಂದೇ ಜೋರಾಗಿ ಬಡಿದೆ.

ಮರುದಿನದಿಂದ ಮತ್ತೆ ಎಲ್ಲ ಕಾರೂ ಒಂದೇ ಥರ. ಹೊರಡುವಾಗ ಮೆಸೇಜ್ ಮಾಡುತ್ತೇನೆಂದಳು ಮಗಳು. ಎರಡು ದಿನ ಮಾಡಿದಳು, ಮೂರನೇ ದಿನ ಮರೆತಳು. ನಾನು ದೀಪ ಎಣಿಸುತ್ತ ನಿಂತೆ.

ನವೆಂಬರಿನ ಕೊನೆಗೆ ಕಾಲೇಜಿಗೆ ರಜೆ ಬಂತು. ಕಾರು ಕೆಳಗೆ ಗ್ಯಾರೇಜಿನಲ್ಲಿತ್ತು. ಮಗಳು ಕಂಬಳಿ ಹೊದ್ದು ನನ್ನ ಹಿಂದೆಯೇ ಮಂಚದ ಮೇಲೆ ಲ್ಯಾಪ್‌ಟಾಪ್ ನೋಡುತ್ತಿದ್ದಳು. ಹೊರಗೆ ಮೋಡ. ಒಂದು ಬೂದು ಕಾರು ತಿರುವಿನಲ್ಲಿ ಹೊರಳಿತು, ಎರಡು ಹಳದಿ ದೀಪ. ನಾನು ಗಾಜಿನ ಹತ್ತಿರ ಸರಿದೆ. ಅದು ನಮ್ಮ ಮನೆ ದಾಟಿ ಹೋಯಿತು. ಇನ್ನೊಂದು ಬಂತು.

"ಅಮ್ಮಿ," ಎಂದಳು ಹಿಂದಿನಿಂದ, "ಹೂ ಆರ್ ಯೂ ವೇಟಿಂಗ್ ಫಾರ್? ನಾನು ಇಲ್ಲೇ ಇದೀನಿ."

ತಿರುಗಿ ನೋಡಿದೆ. ಕೇಳಿದ್ದಕ್ಕೆ ಉತ್ತರ ಅವಳಿಗೇ ಹೊಳೆಯಿತೇನೋ, ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಕಂಬಳಿ ಹೊದ್ದುಕೊಂಡೇ ಎದ್ದು ಬಂದು ಕಿಟಕಿಯ ಬಳಿ ನನ್ನ ಪಕ್ಕ ನಿಂತಳು.