ಹಿಂದಿನ ಸೀಟಿನಲ್ಲಿ ಕೂತು ನೋಡಿದವರು ಯಾರು?

"ಆಮಾಂಗಮ್ಮಾ, ಕೊಂಜಂ ಮೋಸಂದಾನ್," ಎಂದು ಹಳೇ ಕಾರು ಮಾರುವ ಆ ಮನುಷ್ಯ ನಕ್ಕುಬಿಟ್ಟ. ಹೌದಮ್ಮಾ, ಸ್ವಲ್ಪ ಮೋಸವೇ, ಅಂತೆ! ಮೋಸ ಮಾಡಿದವರನ್ನು ನಾನು ಊರಲ್ಲೂ ನೋಡಿದ್ದೇನೆ. ಒಪ್ಪಿಕೊಂಡು, ನಗುತ್ತಾ ಟವೆಲಿನಿಂದ ಸೀಟು ಒರೆಸಿಕೊಟ್ಟವನನ್ನು ನೋಡಿದ್ದು ಚೆನ್ನೈಗೆ ಬಂದ ಮೇಲೆಯೇ.

ದಾವಣಗೆರೆಯಿಂದ ಮಾಧವರಂಗೆ ಬಂದು ನಮಗೆ ಎರಡು ವರ್ಷ. ನಮ್ಮತ್ತೆಯ ಮೊಣಕಾಲಿಗೆ ಆಪರೇಷನ್ ಆಗಿದೆ. ವಾರಕ್ಕೆರಡು ಸಲ ಕೀಲ್ಪಾಕಿನ ಆಸ್ಪತ್ರೆಗೆ ಕರೆದೊಯ್ದು ವ್ಯಾಯಾಮ ಮಾಡಿಸಬೇಕು. ಆ ಕಾಲು ಪೂರ್ತಿ ಮಡಚುವುದಿಲ್ಲ. ಆಟೋದಲ್ಲಿ ಅಡ್ಡಡ್ಡ ಕೂತು, ಗುಂಡಿಗೊಂದು "ಶಿವಾ" ಎನ್ನುತ್ತ ಹೋಗುತ್ತಿದ್ದವರು ಕೊನೆಗೆ ಹಟ ಹಿಡಿದರು: "ಸಾಕು ಕಣವ್ವಾ. ಕಾಲು ಹಿಂಗೇ ಇರ್ಲಿ, ನಾ ಇನ್ ಹೊರಗ್ ಬರಂಗಿಲ್ಲ." ಈಗ ಬಿಟ್ಟರೆ ಕಾಲು ಹಾಗೇ ಸೆಟೆದು ನಿಂತುಬಿಡುತ್ತದೆ ಎಂದರು ಡಾಕ್ಟರು. ಅದಕ್ಕೇ ಹಳೆಯದಾದರೂ ಸರಿ, ಸಣ್ಣದೊಂದು ಕಾರು ನೋಡಲು ಹೊರಟೆವು.

ಗಂಡಸರು ಕಾರು ನೋಡುವ ಚಂದವೇ ಚಂದ. ಬಾನೆಟ್ಟು ಎತ್ತುತ್ತಾರೆ, ಟೈರು ಒದೆಯುತ್ತಾರೆ, ಮೈಲೇಜು ಕೇಳುತ್ತಾರೆ. ಹಿಂದಿನ ಬಾಗಿಲು ತೆಗೆದು ಒಬ್ಬರಾದರೂ ಕೂತು ನೋಡುತ್ತಾರೆಯೇ? ನಮ್ಮ ಮನೆಯವರೂ ಅದೇ ಜಾತಿ. ಮೊದಲು ಹೋದ ಹಳೇ ಕಾರಿನ ಅಂಗಡಿಯವನಂತೂ ನಾನು ಕೇಳಿದ್ದಕ್ಕೆಲ್ಲ ಅವರ ಮುಖ ನೋಡಿಯೇ ಉತ್ತರ ಕೊಟ್ಟ. "ಹಿಂದಿನ ಸೀಟು ಯಾಕೆ ಇಷ್ಟು ತಗ್ಗು?" ಎಂದರೆ, "ಸಾರ್, ಮ್ಯೂಸಿಕ್ ಸಿಸ್ಟಂ ಪುದುಸು ಸಾರ್." ಹೊಸದಂತೆ! ಮೊಣಕಾಲಿಗೆ ಹಾಡು ಬೇಕಾಗಿತ್ತೇ?

ನಾನೇ ಹತ್ತಿ ಕೂತೆ. ಮಣೆಯ ಮೇಲೆ ಕೂತ ಹಾಗಾಯಿತು. ಕಿಟಕಿಯ ಗಾಜು ಅರ್ಧಕ್ಕಿಳಿದು ನಿಂತಿತು. ಆ ಬಿಸಿಲಿಗೆ ರೆಕ್ಸಿನ್ ಕವರು ಕಾದ ಹಂಚು. ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ಅದ್ರಾಗೆ ನನ್ ಕಾಲ್ ಎಲ್ಲಿಡ್ಲಿ? ನನ್ ಮಗನ ತಲೆ ಮ್ಯಾಲೇನು?"

ಮೇಲೆ ಮಲ್ಲಿಗೆ ಸೆಂಟು ಘಮಘಮ. ಅದರ ಕೆಳಗೆ ಒದ್ದೆ ಗೋಣಿಚೀಲದ ವಾಸನೆ. ಮ್ಯಾಟು ಎತ್ತಿದರೆ ಸೀಟಿನ ಕಂಬಿಯಲ್ಲಿ ತುಕ್ಕು, ಸಂದಿಯಲ್ಲಿ ಒಣಗಿದ ಕೆಸರು. ಮಳೆನೀರಲ್ಲಿ ಮುಳುಗಿದ್ದ ಕಾರು! ಮೈಯೆಲ್ಲ ಉರಿದು ಹೋಯಿತು. "ಇದು ಮೋಸ!" ಎಂದು ಕೂಗಿದೆ. ಅದಕ್ಕೇ ಅವನು ಹಾಗೆ ನಕ್ಕದ್ದು. "ವಾಷ್ ಪಣ್ಣಿ ಕುಡುತ್ತುರಲಾಂ, ಕವಲೈಪಡಾದೀಂಗ," ಎಂದು ಸಮಾಧಾನ ಬೇರೆ. ತೊಳೆದು ಕೊಡುತ್ತಾನಂತೆ, ನಾನು ಚಿಂತೆ ಮಾಡಬಾರದಂತೆ.

ಆರನೇ ಕ್ಲಾಸಿನ ಮಗಳು ನನ್ನ ಸೆರಗು ಜಗ್ಗಿದಳು. "ಅಯ್ಯೋ ಅಮ್ಮಾ, ತಮಿಳಲ್ಲಿ ಮೋಸಂನ್ನಾ ಬ್ಯಾಡ್ ಅಂತ ಅಷ್ಟೇ. ಚೀಟಿಂಗ್‌ಗೆ ಏಮಾತ್ತು ವೇಲೈ ಅನ್ನಬೇಕು."

ಎಂಥ ಊರಪ್ಪಾ! ನಮ್ಮಲ್ಲಿ ಜಗಳ ಹಚ್ಚುವ ಮಾತು ಇಲ್ಲಿ ಬರೀ "ಚೆನ್ನಾಗಿಲ್ಲ". ಎರಡು ವರ್ಷದಿಂದ ತರಕಾರಿಯವನಿಗೆ, ಹಾಲಿನವನಿಗೆ ನಾನು ಬೈದದ್ದೆಲ್ಲ ಬೈಗುಳವೇ ಆಗಿರಲಿಲ್ಲವೇ? ಹೊಸ ಮಾತನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ: "ಇದು ಏ-ಮಾ-ತ್ತು ವೇಲೈ." ಅವನ ನಗು ಇಳಿಯಿತು. ಆಗ ಮೊದಲ ಸಲ ನನ್ನ ಮುಖ ನೋಡಿದ.

ಎರಡನೆಯ ಕಾರು ಮೈಲಾಪೂರದಲ್ಲಿ, ನಿವೃತ್ತ ಟೀಚರಮ್ಮ ಒಬ್ಬರದ್ದು. ಬಣ್ಣ ಮಾಸಿದೆ, ಬಂಪರಿನಲ್ಲಿ ತಗ್ಗು. ಮನೆಯವರು ಬಾನೆಟ್ಟಿಗೆ ಕೈ ಹಾಕುತ್ತಿದ್ದ ಹಾಗೆ ಆಕೆ ಗದರಿದರು: "ಇರುಂಗ ಸಾರ್! ಮೊದಲ್ಲ ಪಾಟಿ ಉಕ್ಕಾರಟ್ಟುಂ." ಮೊದಲು ಅಜ್ಜಿ ಕೂರಲಿ. ಆ ತಾಯಿಯನ್ನು ಶಿವ ಚೆನ್ನಾಗಿಟ್ಟಿರಲಿ.

ಬಾಗಿಲು ಅಗಲಕ್ಕೆ ತೆರೆಯಿತು. ಸೀಟು ಊಟದ ಕುರ್ಚಿಯಷ್ಟು ಎತ್ತರ. ಅತ್ತೆ ಮೇಲಿನ ಹಿಡಿ ಹಿಡಿದು ಕೂತರು, ಬಗ್ಗಲಿಲ್ಲ, ನರಳಲಿಲ್ಲ. ಮುಂದಿನ ಸೀಟು ಸರಿಸಿದ ಮೇಲೆ ಕಾಲು ನೀಳವಾಗಿ ಚಾಚಿಕೊಂಡಿತು. ಅಲ್ಲಿ ಕೂರುವ ನನ್ನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತುತ್ತದೆ, ಒತ್ತಲಿ. ಗಾಜು ಪೂರ್ತಿ ಇಳಿಯುತ್ತದೆ. ಡಿಕ್ಕಿಯ ಮೇಲಿನ ಹಲಗೆ ತೆಗೆದರೆ ಅತ್ತೆಯ ವಾಕರು ಹಿಡಿಯುತ್ತದೆ. ಶಿವನಲ್ಲಿ ಇಷ್ಟೇ ಬೇಡಿದ್ದು, ಇಷ್ಟೂ ಕೊಟ್ಟ. ಅದನ್ನೇ ಕೊಂಡೆವು. ಈಗ ಅತ್ತೆ ಕೀಲ್ಪಾಕಿಗೆ ಹೋಗುವುದನ್ನು ತಪ್ಪಿಸುವುದಿಲ್ಲ.

ಶಿವರಾತ್ರಿಗೆ ಆ ಕಾರಿನಲ್ಲೇ ಊರಿಗೆ ಹೋದೆವು. ನಾನು ಹುಟ್ಟಿ ಬೆಳೆದ ಬೀದಿ. ಗುಡಿಯ ಮುಂದೆ ಹೂವಿನಾಕೆ ತಮಿಳುನಾಡಿನ ನಂಬರ್ ಪ್ಲೇಟು ನೋಡಿದಳು, ಕಿಟಕಿಗೆ ಬಗ್ಗಿ ಕಷ್ಟಪಟ್ಟು ಕೇಳಿದಳು: "ಪಾಟೀ, ಪೂ ವೇಣುಮಾ?"

ನನಗೆ ಎಲ್ಲಿತ್ತೋ ಸಿಟ್ಟು. ನನ್ನ ಬೀದಿಯಲ್ಲಿ ನನಗೇ ತಮಿಳೇ? ನಾವು ಇದೇ ಊರಿನವರು ಎಂದು ಹೇಳಲು ಬಾಯಿ ತೆರೆದೆ.

"ನಾಂಗ ಇಂದ ಊರುದಾಮ್ಮಾ!" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. "ಪಾಪ, ಎಷ್ಟ್ ದೂರದಿಂದ ಬಂದಾರೋ," ಎಂದು ಪಕ್ಕದವಳಿಗೆ ಹೇಳಿ, ಅತ್ತೆಯ ಮಡಿಲಿಗೆ ಒಂದು ಗೇಣು ಹೂವು ಹೆಚ್ಚಿಗೆ ಹಾಕಿದಳು. ಊರಿನವರಿಗಾಗಿದ್ದರೆ ಹಾಕುತ್ತಿರಲಿಲ್ಲ.