ಗುರುಪಾದಪ್ಪನ ಎರಡು ಸಮುದ್ರಗಳು

ಸಾಂಗ್ಲಿ ಪೇಟೆಯಲ್ಲಿ ಛತ್ರಿ, ಟೊಪ್ಪಿಗೆ ಮಾರುವ ಗುರುಪಾದಪ್ಪನಿಗೆ ಪೆಸಿಫಿಕ್ ಸಾಗರದ ಮೇಲೆ ಖಾಸಾ ಸಿಟ್ಟಿದೆ. ಮಳೆ ಬರುತ್ತದೆ ಅನ್ನಿಸಿದರೆ ಅಂಗಡಿ ಬಾಗಿಲಿಗೆ ಛತ್ರಿ ತೂಗುಹಾಕುವುದು, ಬಿಸಿಲು ಅನ್ನಿಸಿದರೆ ಟೊಪ್ಪಿಗೆ. ಇದು ಅವನ ನಲವತ್ತು ವರ್ಷದ ಪದ್ಧತಿ.

೨೦೧೯ರಲ್ಲಿ ಟಿವಿಯವರು ಎಲ್ ನಿನೊ ಎಂದರು. ಪೆಸಿಫಿಕ್ ಕಾದಿದೆ, ಗಾಳಿ ಸೊರಗಿದೆ, ಮೋಡಗಳೆಲ್ಲ ಅತ್ತಲೇ ಸರಿಯುತ್ತವೆ, ಇಲ್ಲಿ ಮಳೆ ಕಡಿಮೆ ಎಂದರು. ಅವನು ಅಂಗಡಿ ತುಂಬ ಟೊಪ್ಪಿಗೆ ತರಿಸಿದ. ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಂಗಡಿಯೊಳಗೆ ಬಂದು ಅವನ್ನೆಲ್ಲ ತೇಲಿಸಿಕೊಂಡು ಹೋದಳು.

"ಅಜ್ಜಾ, ನೀವು ಒಂದ ಸಮುದ್ರ ನೋಡೀರಿ," ಎಂದಳು ಭೂಗೋಳ ಓದುವ ಮೊಮ್ಮಗಳು ಪ್ರಾಜಕ್ತಾ. "ನಮ್ಮ ಹಿಂದೂ ಮಹಾಸಾಗರನೂ ಆಫ್ರಿಕಾದ ಬಾಜೂಕ ಕಾಯತೈತಿ. ಅದು ಕಾದ್ರ ಇಲ್ಲಿ ಮಳಿ ಹೆಚ್ಚ."

ಅಂದಿನಿಂದ ಗುರುಪಾದಪ್ಪ ದಿನಾ ಮೊಬೈಲಿನಲ್ಲಿ ಎರಡೂ ಸಮುದ್ರಗಳ ಕಾವು ನೋಡತೊಡಗಿದ. ೨೦೨೩ರಲ್ಲಿ ಎರಡೂ ಒಟ್ಟಿಗೇ ಕಾದವು. ಒಂದು ಮಳೆ ತಡೆಯುವುದು, ಇನ್ನೊಂದು ತರುವುದು! ಪಾಪ, ಅವನು ಬಾಗಿಲಿನ ಒಂದು ಕಡೆ ಛತ್ರಿ, ಇನ್ನೊಂದು ಕಡೆ ಟೊಪ್ಪಿಗೆ ತೂಗುಹಾಕಿದ. ಗಿರಾಕಿಗಳು ಎರಡನ್ನೂ ಕೊಂಡರು. ಗುರುಪಾದಪ್ಪ ಬೀಗಿದ.

ನವರಾತ್ರಿಗೆ ಮುಂಚೆ ಮನೆಯಲ್ಲಿ ಹೊದೆಯುವ ದಪ್ಪ ಕೌದಿಗಳನ್ನೆಲ್ಲ ಒಗೆಯುವುದು ಇಲ್ಲಿನ ರೂಢಿ. ಅವು ಒಣಗಲು ಎರಡು ದಿನದ ಬಿಸಿಲು ಬೇಕು. ಹೆಂಡತಿ ಇಂದುಬಾಯಿ ಅಂಗಡಿಗೆ ಬಂದವಳು ಬಾಗಿಲು ನೋಡಿ ಕೆಂಡವಾದಳು.

"ಇದೇನ್ರಿ ಇದು? ನಲವತ್ತ ವರ್ಷ ನೀವು ಛತ್ರಿ ತೂಗಹಾಕಿದ ದಿನಾನ ನೋಡಿ ನಾ ಕೌದಿ ಒಗದೇನಿ. ಒಂದ ಸಲಾನೂ ತೊಯ್ದಿಲ್ಲ. ಇನ್ನ ನಾ ಯಾರ್ನ ನಂಬಲಿ?"