ಹೆಸರು ಕೂಗುವವರ ಮನೆಯ ಮಗು

ಸವಿತಾ, ಸಂಜೆಯ ಓದಿನ ತರಗತಿಯಿಂದ ನಿನ್ನನ್ನು ಹೊರಗಿಟ್ಟವರು ಆ ಸಂಶೋಧಕಿಯಲ್ಲ—ನಾನು. ತಿಳಿದೇ ಮಾಡಿದೆ, ಸೇಡಿಗಾಗಿ ಮಾಡಿದೆ.

ಸೇಡು ನಿನ್ನ ಮೇಲಲ್ಲ, ನಿನ್ನ ತಂದೆಯ ಮೇಲೆ. ಆನೇಮಹಲ್ ಬಳಿಯ ಕಾಫಿ ಎಸ್ಟೇಟಿನಲ್ಲಿ ನಿನ್ನ ತಂದೆ ರಂಗಪ್ಪ ರೈಟರ್, ಲೆಕ್ಕ ಬರೆಯುವ ಗುಮಾಸ್ತ. ಮುಂಜಾನೆ ಸ್ಟೋರಿನ ಮುಂದೆ ಆಳುಗಳ ಹೆಸರು ಕೂಗಿ ಕೆಲಸ ಹಂಚುವವನು. ಒಮ್ಮೆ ಅದೇ ಹೊತ್ತಿಗೆ ನಾನು ಮಡಿಯುಟ್ಟು, ಬುಟ್ಟಿ ಹಿಡಿದು, ಪೂಜೆಗೆಂದು ಅಲ್ಲಿಯ ಸಂಪಿಗೆ ಹೂ ತರಲು ಹೋಗಿದ್ದೆ.

“ಏನ್ ಸ್ವಾಮಿ, ಬುಟ್ಟೀನೂ ತಂದ್ಬುಟ್ಟಿದೀರಾ! ಬನ್ನಿ, ಸಾಲಲ್ಲಿ ನಿಂತ್ಕಳಿ, ನಿಮ್ ಹೆಸ್ರೂ ಕೂಗ್ಬುಡ್ತೀನಿ” ಎಂದ. ಕೂಗಿಯೂ ಬಿಟ್ಟ. ಆಳುಗಳೆಲ್ಲ ನಕ್ಕರು. ಜೀವಮಾನವಿಡೀ ಸಂಸ್ಕೃತ ಪಾಠ ಹೇಳಿದವನು ನಾನು—ಅಂದು ದೇವರ ಮುಂದೆ ಕುಳಿತು ಬೇಡಿದ್ದು ಒಂದನ್ನೇ: ಅವನ ತಲೆ ತಗ್ಗುವುದನ್ನು ನೋಡಬೇಕು.

ದೇವರು ಕೊಟ್ಟನೋ, ನಾನೇ ಕಸಿದುಕೊಂಡೆನೋ—ಆ ವರ್ಷವೇ ಸಂಶೋಧಕಿ ಬಂದರು. ಮಾಲೀಕರ ಮಕ್ಕಳ ಓದನ್ನೂ ಕೂಲಿಯವರ ಮಕ್ಕಳ ಓದನ್ನೂ ಹೋಲಿಸುವುದು, ಕೂಲಿಯವರ ಮಕ್ಕಳಿಗೆ ಸಂಜೆ ಪಾಠ ಹೇಳಿಸಿ ಫಲವನ್ನು ಕಾಣುವುದು ಅವರ ಉದ್ದೇಶ. ಯಾವ ಮನೆ ಯಾವ ವರ್ಗಕ್ಕೆ? ಊರು ಬಲ್ಲ ಹಿರಿಯನೆಂದು ನನ್ನನ್ನು ಕೇಳಿದರು. “ಮುಂಜಾನೆ ಹೆಸರು ಕೂಗುವ ಕಡೆಯವರು ಒಂದು ವರ್ಗ, ಓಗೊಡುವವರು ಇನ್ನೊಂದು” ಎಂದೆ. ಎಷ್ಟು ಚೊಕ್ಕ! ಅವರು ಮೆಚ್ಚಿದರು. ಸ್ಟೋರಿನ ಹಿಂದಿನ ಒಂದೇ ಕೋಣೆಯಲ್ಲಿ ಬೆಳೆದ ನೀನು, ಕಾರಿನಲ್ಲಿ ಸಕಲೇಶಪುರದ ಶಾಲೆಗೆ ಹೋಗುವ ಸಾಹುಕಾರರ ಮಕ್ಕಳ ವರ್ಗಕ್ಕೆ ಸೇರಿದೆ; ಸಂಜೆ ಪಾಠ ನಿನಗೆ ತಪ್ಪಿತು. ಎರಡಕ್ಕೂ ಸಲ್ಲದ ನಿಮ್ಮಂಥ ಮನೆಗೆ ಬೇರೆಯೇ ವರ್ಗ ಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ—

ನಿನ್ನ ತಂದೆ ಬಂದು ನಮ್ಮ ಜಗಲಿಯ ಕೆಳಗೆ ನಿಂತ. “ಮೇಷ್ಟ್ರೇ, ನಾನೂ ಸಂಬಳದ ಆಳೇ ಕಣ್ರೀ. ಮಗೀಗೆ ಅಕ್ಷರ ಕೂಡ್ಸಕ್ ಬರ್ದೆ ಅಳ್ತೈತೆ. ನೀವೊಂದ್ ಮಾತ್ ಅಂದ್ರೆ ಸೇರುಸ್ಕತಾರೆ.”

“ಹೆಸರು ಕೂಗೋರು ನೀವಲ್ಲವೇನ್ರೀ, ರಂಗಪ್ಪ?” ಎಂದೆ.

ಅವನ ತಲೆ ತಗ್ಗಿತು. ಆ ಗಳಿಗೆಯ ಸವಿ—ಸುಳ್ಳು ಹೇಳಲಾರೆ—ಇಂದಿಗೂ ನಾಲಗೆಯ ಮೇಲಿದೆ.

ಕೂಲಿಯವರ ಲೈನ್ ಮನೆಗಳ ಮಕ್ಕಳು ಓದಲು ಕಲಿತರು. ನೀನು ಶಾಲೆ ಬಿಟ್ಟೆ. ಈಗ ಅದೇ ಸಾಲಿನಲ್ಲಿ ನಿಲ್ಲುತ್ತೀಯಂತೆ. ನಿನ್ನ ಹೆಸರನ್ನು ನಿನ್ನ ತಂದೆಯೇ ಕೂಗುತ್ತಾನಂತೆ.

ಈ ಕಾಗದವನ್ನು ನೀನು ಓದಲಾರೆ—ಅದೂ ನನ್ನದೇ ಕೆಲಸ. ಆ ವರ್ಗಗಳು ಹುಟ್ಟಿದ್ದು ವಿವೇಕದಿಂದಲ್ಲ, ದ್ವೇಷದಿಂದ ಎಂದು ಸಂಶೋಧಕಿಗೆ ತಿಳಿಸಿದ್ದೇನೆ. ನಾಳೆ ನಿಮ್ಮ ಮನೆಗೆ ಬಂದು, ನಿನ್ನ ತಂದೆಯ ಎದುರಿನಲ್ಲೇ ಇದನ್ನು ಓದಿ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಅವನನ್ನು ನಾನಿನ್ನೂ ಕ್ಷಮಿಸಿಲ್ಲ.